ಹಿತ್ತಲಲ್ಲಿ ಹೂತದ್ದು

ಹೆಣ ಹೂತು ಮಣ್ಣು ಮುಚ್ಚುವಷ್ಟರಲ್ಲಿ ಬೇಲಿಯಾಚೆ ಯಾರೋ ಕೆಮ್ಮಿದರು.

"ಏನಕ್ಕ, ಒತ್ತಾರೆನೇ ಏನೋ ಊಳ್ತಾ ಇದ್ದೀಯ?" ಪಕ್ಕದ ಮನೆಯ ಮಲ್ಲಿಗಮ್ಮ ಕತ್ತು ಉದ್ದ ಮಾಡಿ ನಿಂತಿದ್ದಳು.

"ಕೆಸವಿನ ಗೆಡ್ಡೆ ಕಣೆ," ಎಂದಳು ಹೊಂಬಾಳಮ್ಮ.

"ಒಂದು ಗೆಡ್ಡೆಗೆ ಇಷ್ಟು ದೊಡ್ಡ ಗುಂಡಿಯಾ? ಎಮ್ಮೆ ಊಳೋ ಅಂಗದೆ."

"ನಿಂಗ್ಯಾಕೆ? ಒಲೆ ಮ್ಯಾಲೆ ಆಲು ಉಕ್ತಾ ಇರ್ತದೆ, ಓಗು."

ಮಲ್ಲಿಗಮ್ಮ ಹೋದಳು. ಹೊಂಬಾಳಮ್ಮ ಮಣ್ಣಿನ ಮೇಲೊಂದು ಕಲ್ಲು ಎಳೆದಿಟ್ಟಳು. ನಾಯಿ ಕೆದಕಬಾರದು. ಹೆಣ ಅವಳ ಹೆಬ್ಬೆರಳಿಗಿಂತ ಉದ್ದವಿರಲಿಲ್ಲ, ನಿಜ. ಆದರೆ ಅದು ಸೊಸೆ ನಯನಳ ಸೀಗಡಿ.

ನಡುಮನೆಯ ಗಾಜಿನ ತೊಟ್ಟಿಯಲ್ಲಿ ನಯನ ಪುಟ್ಟದೊಂದು ಸಮುದ್ರ ಮಾಡಿದ್ದಳು. ಮದುವೆಯ ಹೊಸದರಲ್ಲಿ ಒಮ್ಮೆ ಕಂಡಿದ್ದ ಸಮುದ್ರ ಅವಳ ತಲೆಯಿಂದ ಇಳಿದಿರಲಿಲ್ಲ. ರವಿಕೆ ಹೊಲಿದ ದುಡ್ಡು ಕೂಡಿಸಿ, ಯಾರೋ ಬಳಸಿ ಬಿಟ್ಟ ತೊಟ್ಟಿ ತಂದಳು. ಕೆರಗೋಡಿನ ಶುದ್ಧ ನೀರಿನ ಘಟಕದಿಂದ ಕ್ಯಾನು ಹೊತ್ತಳು. ದೂರದಿಂದ ತರಿಸಿದ ಸಮುದ್ರದುಪ್ಪನ್ನು ಬಂಗಾರದಂತೆ ತೂಗಿ ಬೆರೆಸಿದಳು. ಆಮೇಲೆ ತಿಂಗಳುಗಟ್ಟಲೆ ಬರೀ ನೀರು, ಕಲ್ಲು ನೋಡುತ್ತ ಕೂತಳು. ನೀರು ಹದಕ್ಕೆ ಬರಬೇಕಂತೆ. ಕೊನೆಗೆ ಒಂದೇ ಒಂದು ಸೀಗಡಿ ಬಿಟ್ಟಳು. ಕೆಂಪು ಬೆನ್ನು, ಅದರ ಮೇಲೆ ಬಿಳಿ ಪಟ್ಟೆ, ಉದ್ದನೆಯ ಬಿಳಿ ಮೀಸೆ. ಎರಡನೆಯದಕ್ಕೆ ಕೈಯಲ್ಲಿ ಕಾಸಿರಲಿಲ್ಲ.

"ನಾಲೆ ತುಂಬ ಸೀನೀರು ಅರೀವಾಗ ಇವ್ಳು ಉಪ್ನೀರು ಮಾಡ್ಕೊಂಡು ಕುಂತವ್ಳೆ. ಒಂದಿನ ಎತ್ತಿ ತಿಪ್ಪೆಗೆ ಸುರೀತೀನಿ, ನೋಡ್ತಿರಿ," ಎಂದು ಹೊಂಬಾಳಮ್ಮ ಸಾರಿದ್ದಳು. ಕೇಳದ ಕಿವಿ ಬೀದಿಯಲ್ಲಿ ಒಂದೂ ಇರಲಿಲ್ಲ.

ಅಂಥ ಅತ್ತೆಯ ಕೈಗೇ ತೊಟ್ಟಿ ಒಪ್ಪಿಸಿ ನಯನ ತಂಗಿಯ ಸೀಮಂತಕ್ಕೆ ಮಳವಳ್ಳಿಗೆ ಹೋಗಿದ್ದಳು. "ನೀರು ಈ ಗೆರೆಯಿಂದ ಇಳುದ್ರೆ ಕ್ಯಾನಿನ ನೀರು ಉಯ್ಯಿರಿ ಅತ್ತೆ, ಅಷ್ಟೇ ಸಾಕು. ಮನೆ ಗಂಡಸರನ್ನ ನಂಬಲ್ಲ ನಾನು. ನಿಮ್ಮನ್ನ ನಂಬ್ತೀನಿ."

ಈ ಮನೆಗೆ ಬಂದ ಮೇಲೆ ಸೊಸೆ ಅತ್ತೆಯ ಮುಖ ನೋಡಿ ಆಡಿದ ಮೊದಲ ಮೆತ್ತನೆಯ ಮಾತು ಅದು.

ನೀರು ಇಳಿದಿತ್ತು. ಹೊಂಬಾಳಮ್ಮ ಹೊಯ್ದಳು. ಆಮೇಲೆ ಕೈ ಸುಮ್ಮನಿರಲಿಲ್ಲ. ಸಾರಿಗೆ ನೀರು ಬೆರೆಸಿದ ಮೇಲೆ ಉಪ್ಪು ಹಾಕದೆ ಇಳಿಸುತ್ತಾರೆಯೇ? ಅಡುಗೆಮನೆಯಿಂದ ಒಂದು ಹಿಡಿ ತಂದು ಹಾಕಿದಳು. ಬೆಳಗ್ಗೆ ನೋಡಿದರೆ ಸೀಗಡಿ ಮರಳಿನ ಮೇಲೆ ಮಗುಚಿ ಬಿದ್ದಿತ್ತು. ಸೌಟಿನಲ್ಲಿ ಎತ್ತಿದಳು. ಈರುಳ್ಳಿ ಸಿಪ್ಪೆಯಷ್ಟು ಹಗುರ. ಬಣ್ಣ ಮಾಸಿ, ಮೈಯೊಳಗಿಂದ ಬೆಳಕು ಹಾಯುತ್ತಿತ್ತು. ನಾತ ಕೂಡ ಇರಲಿಲ್ಲ. ಉಪ್ಪು ಒಳಗಿನ ಮಾಂಸವನ್ನೆಲ್ಲ ತಿಂದುಬಿಟ್ಟಿದೆ ಎನಿಸಿ ಅವಳ ಮೈ ಜುಮ್ಮೆಂದಿತು.

ತಪ್ಪಿ ಆಯಿತೆಂದರೆ ಯಾರು ನಂಬುತ್ತಾರೆ?

ಕೈ ತೊಳೆದು ಒಳಗೆ ಬಂದರೆ, ಗಂಡ ಹೊನ್ನಯ್ಯ ಕಾಫಿ ಲೋಟ ಹಿಡಿದು ಗಾಜಿನೊಳಗೆ ಇಣುಕುತ್ತಿದ್ದ. "ಎಲ್ಲಿ ಅಮ್ಮಿ, ಮೀಸೆರಾಯ ಕಾಣ್ನಿಲ್ಲ?"

"ಕಲ್ಲಿನ ಸಂದೀಲಿ ಮನಗ್ಕೊಂಡದೆ. ಸುಮ್ಕೆ ಇಣುಕ್ಬ್ಯಾಡಿ."

"ಅದೇನ್ ನಿನ್ ಮೊಮ್ಮಗ್ನಾ, ನಿದ್ದೆ ಕಾಯಾಕೆ?"

ಹೊಂಬಾಳಮ್ಮ ಡೇರಿಗೆ ಹಾಲು ಹಾಕಿ ಬಂದ ದುಡ್ಡನ್ನೆಲ್ಲ ಸೊಂಟಕ್ಕೆ ಸಿಕ್ಕಿಸಿಕೊಂಡು ಮಂಡ್ಯದ ಬಸ್ಸು ಹತ್ತಿದಳು.

ಬಣ್ಣದ ಮೀನಿನ ಅಂಗಡಿಯವನು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಸೀಗಡಿ ಸಾರಿಗಾದ್ರೆ ಮಾರ್ಕೆಟ್ಟಿಗೆ ಹೋಗಮ್ಮ."

"ಸಾರಿಗಲ್ಲ ಕಣಪ್ಪ. ಸಮುದ್ರದ್ದು, ಬಿಳಿ ಮೀಸೇದು. ನನ್ ಸೊಸೆ ಇಲ್ಲೇ ತಂದಿದ್ಲು."

"ಓ, ಕೆರಗೋಡಿನ ನಯನಮ್ಮನ ಅತ್ತೆಯಾ? ಯಾಕೆ, ಅದು ಸತ್ತೋಯ್ತಾ?"

"ಬುಡ್ತು ಅನ್ನು! ಗುಂಡುಕಲ್ಲಂಗದೆ. ಅದಕ್ಕೊಂದು ಜೊತೆ ಬೇಕು, ಅಷ್ಟೇಯ."

ಅವನ ಹತ್ತಿರ ಒಂದೇ ಉಳಿದಿತ್ತು. ಪ್ಲಾಸ್ಟಿಕ್ ಕವರಿನಲ್ಲಿ ನೀರು, ಗಾಳಿ ತುಂಬಿ ಕೊಟ್ಟ. "ತಟ್ಟನೆ ಸುರೀಬೇಡಿ. ಕವರ್ ತೇಲಿಬಿಟ್ಟು, ತೊಟ್ಟಿ ನೀರನ್ನ ಚಮಚ ಚಮಚ ಹಾಕಿ ಅಭ್ಯಾಸ ಮಾಡ್ಸಿ. ಇಲ್ದಿದ್ರೆ ಉಳಿಯಲ್ಲ."

ಕವರನ್ನು ಹಸುಗೂಸಿನಂತೆ ಸೆರಗಿನಡಿ ಇಟ್ಟುಕೊಂಡು ಬಂದಳು. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಮಂಟೇಸ್ವಾಮಿಗೆ ಹರಕೆ ಹೊತ್ತಳು. ಮನೆಯಲ್ಲಿ ಮೊದಲು, ಹಾಕಿದ ಉಪ್ಪು ಕಡಿಮೆಯಾಗಲೆಂದು ತೊಟ್ಟಿಯಿಂದ ಒಂದು ಬಿಂದಿಗೆ ನೀರು ತೆಗೆದು, ಕ್ಯಾನಿನ ನೀರು ಹೊಯ್ದಳು. ಆಮೇಲೆ ಚಮಚ ಹಿಡಿದಳು. ಇದೂ ಸತ್ತರೆ? ಕೊನೆಗೆ ಹೊಸ ಸೀಗಡಿ ಕವರಿನಿಂದ ಜಾರಿ, ಮೀಸೆ ಆಡಿಸುತ್ತ ಕಲ್ಲಿನ ಮೇಲೆ ಕೂತಿತು. ಥೇಟು ಅದೇ. ಯಾರು ಗುರುತು ಹಿಡಿದಾರು?

ಮಾರನೆಯ ದಿನ ನಯನ ಬಂದಳು. ಹೆಗಲಿನ ಬ್ಯಾಗೂ ಇಳಿಸದೆ ತೊಟ್ಟಿಯ ಮುಂದೆ ಕೂತಳು. ಹೊಂಬಾಳಮ್ಮ ಅಡುಗೆಮನೆಯ ಬಾಗಿಲಿಗೆ ಅಂಟಿಕೊಂಡು ನಿಂತಳು.

"ಅತ್ತೆ! ಬನ್ನಿ ಇಲ್ಲಿ! ಏನ್ ಮಾಡಿದ್ದೀರ ಇದು?"

ಹೊಂಬಾಳಮ್ಮ ತಲೆ ತಗ್ಗಿಸಿಕೊಂಡೇ ಹತ್ತಿರ ಬಂದಳು. "ನಾನೇ ಕೊಂದೆ ಕಣವ್ವ. ಉಪ್ಪಾಕ್ಬುಟ್ಟೆ. ಬೇಕಂತ ಅಲ್ಲ, ನಿನ್ನಾಣೆ. ಇತ್ಲಲ್ಲಿ ಊತಿವ್ನಿ. ಇದು ಬ್ಯಾರೇದು, ಮಂಡ್ಯದಿಂದ ತಂದೆ. ನಂಬ್ತೀಯೋ ಬುಡ್ತೀಯೋ..."

ನಯನ ಬಾಯಿ ತೆರೆದು ಅತ್ತೆಯನ್ನು ನೋಡಿದಳು. ತಿರುಗಿ ಗಾಜನ್ನು ನೋಡಿದಳು. ಆಮೇಲೆ ಅತ್ತೆಯ ಕೈ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಕಲ್ಲಿನ ಮೇಲೆ ಒಂದಲ್ಲ, ಎರಡು ಸೀಗಡಿಗಳು ಮೀಸೆಗೆ ಮೀಸೆ ತಾಗಿಸಿ ಕೂತಿದ್ದವು.

"ಇದೂ ಹಾವಿನಂಗೇ ಅತ್ತೆ, ಮೈ ಬೆಳುದ್ರೆ ಪೊರೆ ಬುಡ್ತದೆ, ಹೊಸ ಮೈ ಗಟ್ಟಿಯಾಗೋ ಗಂಟ ಎಲ್ಲಾದ್ರೂ ಅವಿತ್ಕೊಳ್ತದೆ. ನೀವು ಹೂತಿರೋದು ಬರೀ ಪೊರೆ."