ಇಪ್ಪತ್ತನೇ ಸಾಲು

ಪೇಂಟರು ಗಾಲ್ಫ್ ಕ್ಲಬ್ಬಿನ ಹಳೇ ಬೋರ್ಡಿನ ಕೊನೆಯ ಹೆಸರನ್ನು ಕೆರೆಯಲು ಕೈ ಹಾಕಿದ್ದನಷ್ಟೆ. “ಒಂದು ನಿಮಿಷ ನಿಲ್ಲಿಸಿ!” ಎನ್ನುತ್ತ ಒಬ್ಬಳು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. ಬೇರೆ ಕ್ಲಬ್ಬಿನಲ್ಲಿ ಗಾಲ್ಫ್ ಕಲಿಸುವ ಟೀಚರ್. ಅದು ಅವಳದೇ ಹೆಸರು.

ಸೋಪಿನ ಕಂಪನಿಯೊಂದು ಹೆಂಗಸರಿಗಾಗಿ ನಡೆಸುತ್ತಿದ್ದ ಪಂದ್ಯಾವಳಿ. ಹತ್ತೊಂಬತ್ತು ವರ್ಷ ನಡೆಯಿತು, ಗೆದ್ದವರ ಹತ್ತೊಂಬತ್ತು ಹೆಸರು ಈ ಬೋರ್ಡಿಗೆ ಏರಿದವು. ಇಪ್ಪತ್ತನೇ ವರ್ಷ ಕಂಪನಿಯಿಂದ ಒಂದು ಪತ್ರ ಬಂತು. ಹೆಂಗಸರ ಆಟ ನೋಡಲು ಜನ ಬರುವುದಿಲ್ಲವಂತೆ. ಅಲ್ಲಿಗೆ ಕಥೆ ಮುಗಿಯಿತು. ಮರ ಗಟ್ಟಿ ಅಂತ ಬೋರ್ಡು ಉಳಿದಿತ್ತು. ಈಗ ಅದರ ಮೇಲೆ ಕ್ಲಬ್ಬಿನ ಅಧ್ಯಕ್ಷರ ಹೆಸರುಗಳನ್ನು ಬರೆಸುತ್ತಾರೆ. ಹಲಗೆಗೇನು, ಯಾರ ಹೆಸರಾದರೂ ಒಂದೇ.

ಪಕ್ಕದಲ್ಲಿ ಪೊರಕೆ ಹಿಡಿದು ನಿಂತಿದ್ದವಳು ಬಟ್ಟೆ ಬದಲಿಸುವ ಕೋಣೆಯ ಆಯಾ. ಕೊನೆಯ ವರ್ಷ ಈ ಟೀಚರ್ ಎದುರು ಒಂದೇ ಒಂದು ಹೊಡೆತದಿಂದ ಸೋತವಳು ಅವಳೇ. ಗೆದ್ದವಳಿಗೆ ಆ ಹೆಸರಿನ ಬಲದಲ್ಲಿ ಕಲಿಸುವ ಕೆಲಸ ಸಿಕ್ಕಿತು. ಸೋತವಳಿಗೆ ಸಿಕ್ಕಿದ್ದು ಟವೆಲ್ ಮಡಚುವ ಕೆಲಸ.

“ನನ್ನ ಹೆಸರಿನ ಪಕ್ಕ ಇವಳ ಹೆಸರೂ ಬರೀರಿ. ಒಂದು ಫೋಟೋ ತಗೋತೀನಿ, ಆಮೇಲೆ ಅಳಿಸಿ,” ಎಂದಳು ಟೀಚರ್.

“ಮೇಡಂ, ನನ್ನನ್ನ ಕರೆಸಿರೋದು ಅಳಿಸೋಕೆ, ಬರೆಯೋಕಲ್ಲ,” ಎಂದ ಪೇಂಟರು.

ಈ ಆಟದಲ್ಲಿ ಚೆಂಡನ್ನು ಹೋಲ್ ಎಂಬ ಕುಳಿಗಳಿಗೆ ಕಡಿಮೆ ಹೊಡೆತದಲ್ಲಿ ಬೀಳಿಸಿದವರೇ ಗೆಲ್ಲುವುದು; ಒಬ್ಬರ ಹೊಡೆತಗಳನ್ನು ಕಾರ್ಡಿನಲ್ಲಿ ಬರೆಯುವುದು ಎದುರಾಳಿ. ಕಳ್ಳನ ಕೈಗೇ ಬೀಗದ ಕೈ. ಆಡಿದವರು ಒಮ್ಮೆ ಅದಕ್ಕೆ ಸಹಿ ಹಾಕಿ ಕೊಟ್ಟರೆ ಮುಗಿಯಿತು, ಒಂದು ಹೊಡೆತ ಹೆಚ್ಚು ಬರೆದಿದ್ದರೂ ಅದೇ ಖಾಯಂ.

ಟೀಚರ್ ಆಯಾಳ ಕಡೆ ತಿರುಗಿದಳು. “ಹದಿನಾರನೇ ಹೋಲಿನಲ್ಲಿ ನೀನು ನಾಲ್ಕೇ ಹೊಡೆದಿದ್ದೆ. ಕಾರ್ಡು ಕೊಡೋ ಮುಂಚೆ ನಾನು ಅದನ್ನ ಐದು ಮಾಡಿದೆ. ಕೈ ತಪ್ಪಿ ಅಲ್ಲ, ಬೇಕಂತಲೇ. ಸಮ ಆಗಿದ್ರೆ ಇನ್ನೊಂದು ಹೋಲ್ ಆಡ್ಬೇಕಿತ್ತು. ನಿನ್ನೆದುರು ಆಡೋಕೆ ಭಯ ಆಯ್ತು ಕಣೇ.”

“ಗೊತ್ತು.”

“ಗೊತ್ತಿತ್ತಾ? ಮತ್ಯಾಕೆ ಸಹಿ ಹಾಕ್ದೆ?”

“ನೀನಲ್ವಾ ಬರೆದದ್ದು ಅಂತ ಕಣ್ಮುಚ್ಚಿ ಹಾಕ್ದೆ. ಕಾರ್ಡು ಕೊಟ್ಟು ಹೊರಗೆ ಬಂದ್ಮೇಲೆ ಗೊತ್ತಾಯ್ತು. ಮುಂದಿನ ವರ್ಷ ಮೈದಾನದಲ್ಲೇ ತೀರಿಸ್ಕೋತೀನಿ ಅಂತ ಬಾಯಿ ಮುಚ್ಕೊಂಡೆ.” ಆಯಾ ಬೋರ್ಡಿನ ತಳದಲ್ಲಿ ಖಾಲಿ ಉಳಿದಿದ್ದ ಸಾಲನ್ನು ನೋಡಿದಳು. “ಮುಂದಿನ ವರ್ಷವೇ ಬರ್ಲಿಲ್ಲ.”

ಟೀಚರ್ ಅತ್ತಳು. ಅಳು ನಿಜವಾದದ್ದೇ. ಆದರೆ ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಏನು ಪ್ರಯೋಜನ?

“ಪಂದ್ಯಾವಳಿ ಕಮಿಟಿಗೆ ಎಲ್ಲಾ ಬರೆದುಕೊಡ್ತೀನಿ,” ಎಂದಳು.

“ಯಾವ ಕಮಿಟಿಗೆ?”

ಇವರ ಮಾತು ಮುಗಿಯುವ ಲಕ್ಷಣ ಕಾಣದೆ ಪೇಂಟರು ಆಗಲೇ ಮತ್ತೆ ಕೆರೆಯತೊಡಗಿದ್ದ. ಕೊನೆಯ ಹೆಸರಿನ ಚಿನ್ನದ ಬಣ್ಣ ಪುಡಿಯಾಗಿ ಟೀಚರ್ ಬೂಟಿನ ಸುತ್ತ ಉದುರಿತ್ತು. ಆಯಾ ಪೊರಕೆ ಹಿಡಿದು ಬಗ್ಗಿದಳು.

“ಸ್ವಲ್ಪ ಕಾಲೆತ್ತು,” ಎಂದಳು. “ನಿನ್ನ ಹೆಸರು ಗುಡಿಸ್ಬೇಕು.”