ಹೊಗೆಯ ಹಿಂದಿನ ಸೂರ್ಯ

ಸೂರ್ಯನನ್ನು ಇಪ್ಪತ್ತು ನಿಮಿಷ ಮುಳುಗದಂತೆ ತಡೆದ ಗಂಡಸನ್ನು ನೀವು ಎಲ್ಲಾದರೂ ನೋಡಿದ್ದೀರಾ? ನೋಡಿರಲಿಕ್ಕಿಲ್ಲ. ಅಂಥವನು ಇರುವುದು ಒಬ್ಬನೇ, ತೇರದಾಳದ ಸಿದ್ಧಾಂತ. ಅದೂ ಬರಿಗೈಯಲ್ಲಿ, ಹಿನ್ನೆಲೆ ಸಂಗೀತವೂ ಇಲ್ಲದೆ!

ಮಿರಜದಿಂದ ಕುಡಚಿಗೆ ಅವತ್ತೊಂದು ದಿನ ಹಳೆಯ ಉಗಿಬಂಡಿ ಓಡುತ್ತದೆಂದು ತಿಳಿದು ಅಜ್ಜಿ ಶಾಂತವ್ವನನ್ನು, ತನ್ನ ಆಯಿಯನ್ನು, ಹತ್ತಿಸಿಕೊಂಡು ಹೊರಟಿದ್ದ. ಶೇಡಬಾಳದಲ್ಲಿ ಎಂಜಿನ್ನಿಗೆ ನೀರು ತುಂಬಿಸುವುದೇ ತಡವಾಯಿತು. ಜೈನರ ನೇಮದಂತೆ ಹೊತ್ತು ಮುಳುಗಿದ ಮೇಲೆ ಆಯಿ ಒಂದು ಅಗುಳೂ ಮುಟ್ಟುವವಳಲ್ಲ. ಊಟಕ್ಕೆ ಮೊದಲಿನ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ, "ಡಬ್ಬಿ ತಗಿಯಪಾ" ಎಂದಳು.

"ಒಂದ ರೀಲ್, ಆಯಿ! ಎಂಜಿನ್ ಮುಂದ ನಿಂತು ಒಂದ್ ಡೈಲಾಗ್ ಹೊಡದು, ಐದ್ ನಿಮಿಷದಾಗ ರೀ-ಎಂಟ್ರಿ!" ಊಟದ ಡಬ್ಬಿಯಿದ್ದ ಚೀಲ ಬೆನ್ನ ಮೇಲೆಯೇ ಇತ್ತು, ಹಾಗೆಯೇ ಓಡಿದ.

ಡೈಲಾಗ್ ಅರ್ಧದಲ್ಲಿರುವಾಗ ಎಂಜಿನ್ ಕೂಗಿತು. ಮೊದಲ ಬೋಗಿಗೆ ಹಾರಿಕೊಂಡ. ಒಳಗೆ ಹೋದಮೇಲೆ ತಿಳಿಯಿತು, ಈ ಹಳೆಯ ಬೋಗಿಗಳಲ್ಲಿ ಒಂದರಿಂದ ಇನ್ನೊಂದಕ್ಕೆ ದಾರಿಯೇ ಇಲ್ಲ. ಆಯಿ ಕೊನೆಯ ಬೋಗಿಯಲ್ಲಿ. ಆಕೆಯ ಬಳಿ ಫೋನೂ ಇಲ್ಲ. ಸೂರ್ಯ ಕಬ್ಬಿನ ತುದಿಗೆ ಇಳಿದಿದ್ದ. "ಲೇ, ಜರಾ ನಿಂದ್ರಲೇ" ಎಂದು ಅವನನ್ನೇ ಬೇಡಿಕೊಂಡ.

ಉಗಾರದ ಸಿಗ್ನಲ್ಲಿನಲ್ಲಿ ಬಂಡಿ ನಿಂತಾಗ ಜಲ್ಲಿಕಲ್ಲಿನ ಮೇಲೆ ಎದ್ದುಬಿದ್ದು ಓಡಿ ಕೊನೆಯ ಬೋಗಿ ಹತ್ತಿದ.

"ಎಲ್ಲಿ ಹೋಗಿದ್ಯೋ ತಮ್ಮಾ?" ಆಯಿಯ ಎದುರು ಕೂತಿದ್ದ ಪ್ರಯಾಣಿಕ ಪಾಂಡಪ್ಪ ಸಿಡುಕಿದ. "ಗುಳಿಗಿ ನುಂಗಿ ಏನೂ ತಿನ್ನದ ನಿಮ್ಮಾಯಿ ಬೆವತು ಗಡಗಡ ನಡಗಾಕತ್ತಾರ. ಬಿಸ್ಕಿಟ್ ಕೊಟ್ರ ಹೊರಗಿಂದು ಒಲ್ಲೆ ಅಂದ್ರು."

ಸಿದ್ಧಾಂತ ಡಬ್ಬಿ ತೆರೆದು, ಗೋಧಿ-ಬೆಲ್ಲದ ಸಿಹಿ ಮಾದಲಿಯನ್ನು ಬಾಯಿಗೆ ಹಿಡಿದ. ಆಯಿ ಮುಖ ತಿರುಗಿಸಿದಳು.

"ಒಲ್ಲೆ. ಹೊತ್ತ ಮುಳಗೇತಿ."

"ಎಲ್ಲಿ ಮುಳಗೇತಿ ಬೇ! ಎಂಜಿನ್ ಹೊಗಿ ಅಡ್ಡ ಬಂದೇತಿ. ಸೂರ್ಯಾ ಅದರ ಹಿಂದ ಅದಾನ. ಹೌದಿಲ್ರಿ ಕಾಕಾ?"

ಪಾಂಡಪ್ಪ ಕಿಟಕಿಯತ್ತ ನೋಡಿದ, ನಡುಗುವ ಆ ಕೈಗಳತ್ತ ನೋಡಿದ. "ಹೌದ್ರಿ ಅವ್ವಾ. ಇನ್ನಾ ಇಪ್ಪತ್ ನಿಮಿಷ ಐತ್ರಿ."

"ಖರೇನ?"

"ನಿನ್ನಾಣಿ, ಆಯಿ." ಆ ದನಿ ಯಾವ ಹೀರೋನದೂ ಆಗಿರಲಿಲ್ಲ.

ಆಯಿ ಒಮ್ಮೆ ಹೊರಗೆ ನೋಡಿದಳು. ಆಮೇಲೆ ಮೊಮ್ಮಗನ ಮುಖ ನೋಡಿದಳು. ಬಾಯಿ ತೆರೆದಳು.

ಇನ್ನು ನಿಜ ಹೇಳಿಬಿಡಬೇಕು. ಅವತ್ತು ಗಾಳಿ ಹೊಗೆಯನ್ನೆಲ್ಲ ಮೂಡಣಕ್ಕೆ ಒಯ್ಯುತ್ತಿತ್ತು. ಆಯಿಯ ಕಿಟಕಿ ಇದ್ದದ್ದು ಪಡುವಣಕ್ಕೆ. ಅಲ್ಲಿ ಆಕಾಶ ತೊಳೆದಿಟ್ಟಂತಿತ್ತು, ಸೂರ್ಯನಿರಲಿಲ್ಲ. ಮರುದಿನ ಬಸದಿಗೆ ಹೋಗಿ ಪ್ರಾಯಶ್ಚಿತ್ತ ಕೇಳಿಕೊಂಡು ಬಂದವಳು, ಒಂದು ತಿಂಗಳು ಉಪ್ಪು ಮುಟ್ಟುವುದಿಲ್ಲ ಎಂದಳು. ಬಿಪಿಗೆ ಒಳ್ಳೆಯದೇ ಆಯಿತೆಂದು ಮನೆಮಂದಿಯೆಲ್ಲ ಖುಷಿಪಟ್ಟರು.