ಮೀಸೆ ಹೊತ್ತ ಐಕಾನುಗಳು

ಜಟ್ಟಿ ಜಾರಿ ಬಿದ್ದರೂ ಮೀಸೆ ಹೋರ್ಡಿಂಗ್ ಏರಿತಂತೆ. ಗಾದೆ ನಂಬದಿದ್ದರೆ ಬಿಡಿ, ಕಥೆ ಮಾತ್ರ ಅಪ್ಪಟ ನಿಜ.

ಕಂಪನಿಯ ಜಾಹೀರಾತುಗಳಿಗೆಂದು ವಿನ್ಯಾಸಗಾರ್ತಿ ಶರ್ವಾಣಿ ಬರೆದ ಐಕಾನುಗಳನ್ನು, ಅಂದರೆ ಪುಟ್ಟ ಗುರುತುಚಿತ್ರಗಳನ್ನು, ಗಿರಿಜಾಮೀಸೆಯ ಮ್ಯಾನೇಜರು ಪ್ರತಿಸಲವೂ ಒಂದೇ ರಾಗದಲ್ಲಿ ತಳ್ಳಿಹಾಕುತ್ತಿದ್ದರು. "ಎಲ್ಲಾ ಒಂದೇ ಅಪ್ಪನ ಮಕ್ಕಳ ಹಾಗಿರ್ಬೇಕಮ್ಮಾ. ಮೂಲ ಚಿತ್ರದಲ್ಲಿ ಒಂದು ಗೆರೆ ತಿದ್ದಿದ್ರೆ ಎಲ್ಲದ್ರಲ್ಲೂ ತಾನಾಗೇ ಬದಲಾಗ್ಬೇಕು. ನಾಳೆನೂ ಆಗ್ಲಿಲ್ಲ ಅಂದ್ರೆ ಕೆಲ್ಸ ಹೊರಗಿನೋರಿಗೆ ಕೊಡ್ತೀನಿ, ಅಷ್ಟೇ!"

ಕ್ಯಾಂಟೀನಿನಲ್ಲಿ ಅದನ್ನೇ ಅವರದೇ ದನಿಯಲ್ಲಿ ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದಾಗಲೇ ಶರ್ವಾಣಿಗೆ ಒಂದು ತುಂಟತನ ಹೊಳೆಯಿತು.

ಮರುದಿನ ಪರದೆಯ ಮೇಲೆ ಬುಟ್ಟಿ, ಗಂಟೆ, ಫೋನು, ಲಾರಿ, ಕೊನೆಗೆ ಕೊಡೆಗೂ ಅದೇ ಗಿರಿಜಾಮೀಸೆ! ಇಡೀ ತಂಡ ತುಟಿ ಕಚ್ಚಿಕೊಂಡು ಕೂತಿತು.

ಮ್ಯಾನೇಜರು ಗಂಭೀರವಾಗಿ ಮೀಸೆ ತೀಡಿದರು. "ಈಗ ನೋಡಮ್ಮಾ, ಒಂದೇ ಮನೆತನ ಅನ್ಸುತ್ತೆ. ಪಾಸ್! ಹೋರ್ಡಿಂಗಿಗೂ ಹಾಕ್ಸು."

"ಅವರಿಗೆ ಗೊತ್ತೇ ಆಗ್ಲಿಲ್ಲ ಕಣ್ರೇ!" ಎಂದು ಶರ್ವಾಣಿ ಸಂಜೆಯವರೆಗೂ ಕುಣಿದಳು.

ಮಾರನೆಯ ಬೆಳಿಗ್ಗೆ ಮ್ಯಾನೇಜರು ಮೀಸೆಯನ್ನು ನುಣ್ಣಗೆ ಬೋಳಿಸಿಕೊಂಡು ಬಂದು, "ಮೂಲದಲ್ಲಿ ತಿದ್ದಿದೀನಮ್ಮಾ, ಮಿಕ್ಕಿದ್ದೆಲ್ಲಾ ತಾನಾಗೇ ಬದಲಾಯ್ತಾ ನೋಡು!" ಎಂದವರೇ ಎಲ್ಲರಿಗಿಂತ ಜೋರಾಗಿ ನಕ್ಕರು.